ಆರುನೂರು ಹೆಜ್ಜೆಯ ಆಚೆ

ಗಡಿಯಾರ ರಿಪೇರಿ ಮಾಡುವವನಿಗೆ ಕಾಲು ಚುರುಕಾಗಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ದಿನವಿಡೀ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಜೊತೆ ಜಗಳವಾಡುವ ಕೆಲಸ ಅದು. ಆದರೂ ನಮ್ಮ ಗಡಿಯಾರದವನು ಐವತ್ತಾರನೆಯ ವಯಸ್ಸಿನಲ್ಲಿ ಓಡುತ್ತಿದ್ದ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಊರ ಹೊರಗಿನ ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ, ತಲೆ ತಗ್ಗಿಸಿ, ಕಲ್ಲು ಮುಳ್ಳು ನೋಡಿಕೊಂಡು, ಆಕಾಶದಿಂದ ಬಿದ್ದದ್ದನ್ನು ಹೆಕ್ಕಿ ತರಲು ಓಡುತ್ತಿದ್ದ.

ಬೀಳುತ್ತಿದ್ದದ್ದು ರಾಕೆಟ್ಟು. ದೊಡ್ಡದೇನಲ್ಲ. ದಪ್ಪ ಕಾಗದದ ಕೊಳವೆ, ತೆಳು ಹಲಗೆಯ ರೆಕ್ಕೆ, ಪ್ಲಾಸ್ಟಿಕ್ಕಿನ ಮೂತಿ, ಹೊಟ್ಟೆಯೊಳಗೆ ಮಡಿಸಿಟ್ಟ ಪ್ಯಾರಾಚೂಟು. ನಿಲ್ಲಿಸಿದರೆ ಅವನ ಸೊಂಟಕ್ಕೆ ಬರುತ್ತಿತ್ತು. ಐದಾರು ಜನರ ಗುಂಪು ಇಪ್ಪತ್ತು ವರ್ಷದಿಂದ ಇದನ್ನು ಹಾರಿಸುತ್ತಿತ್ತು. ಗುಂಪಿಗೆ ಹಿರಿಯರು ನಿವೃತ್ತ ಗಣಿತದ ಮೇಷ್ಟ್ರು, ಕಿರಿಯವನು ಗಡಿಯಾರದಂಗಡಿಯ ಪಕ್ಕದ ಮೊಬೈಲ್ ಅಂಗಡಿಯವನು. ಹಾರಿಸುವುದು ಎಲ್ಲರ ಕೈಲೂ ಆಗುತ್ತದೆ. ಬಿದ್ದದ್ದು ಎಲ್ಲಿ ಎಂದು ಕಂಡುಹಿಡಿಯುವುದೇ ವಿದ್ಯೆ. ಆ ವಿದ್ಯೆ ಗುಂಪಿನಲ್ಲಿ ಒಬ್ಬಳಿಗೇ ಗೊತ್ತಿತ್ತು, ಅವಳು ಗಡಿಯಾರದವನ ಅಕ್ಕ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಛತ್ರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪರೀಕ್ಷೆಯ ಮೇಜಿನಲ್ಲಿ ಕೂತವಳು. ಹೊಲಿದು ಬಂದ ಒಂದೊಂದು ಛತ್ರಿಯನ್ನೂ ದೀಪಕ್ಕೆದುರಾಗಿ ಬಿಚ್ಚಿ ಹಿಡಿದು, ಸೂಜಿಮೊನೆಯಷ್ಟು ತೂತಿದ್ದರೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ವಾಪಸ್ ಕಳಿಸುವುದು ಅವಳ ಕೆಲಸ. ಅವಳ ಕಣ್ಣು ತಪ್ಪಿಸಿ ಕಾರ್ಖಾನೆಯಿಂದ ಒಂದು ತೂತೂ ಹೊರಗೆ ಹೋಗಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು, ಸುಳ್ಳೆಂದು ಯಾರೂ ಹೇಳಿರಲಿಲ್ಲ. ಪ್ಯಾರಾಚೂಟುಗಳನ್ನು ಛತ್ರಿ ಬಟ್ಟೆಯಲ್ಲಿ ಹೊಲಿಯುತ್ತಿದ್ದವಳೂ ಅವಳೇ. ಬಯಲಿನಲ್ಲಿ ಬಟ್ಟೆ ಕಿತ್ತ ಉದ್ದನೆಯ ಛತ್ರಿ ಕೋಲೊಂದನ್ನು ಹಿಡಿದು ನಿಲ್ಲುತ್ತಿದ್ದಳು. ಅದರ ತುದಿಯಲ್ಲಿ ಕೆಂಪು ಬಟ್ಟೆಯ ಪಟ್ಟಿ. ಪ್ಯಾರಾಚೂಟು ಬಿಚ್ಚಿಕೊಂಡ ಗಳಿಗೆಯಿಂದ ನೆಲ ಮುಟ್ಟುವವರೆಗೆ ಕೋಲನ್ನು ಅದರತ್ತಲೇ ಹಿಡಿದು, "ಆ ಒಣಮರದಿಂದ ಎರಡು ಮಾರು ಎಡಕ್ಕೆ" ಎನ್ನುತ್ತಿದ್ದಳು. ತಮ್ಮ ಓಡುತ್ತಿದ್ದ. ಒಣಮರದಿಂದ ಎರಡು ಮಾರು ಎಡಕ್ಕೆ ರಾಕೆಟ್ಟು ಮಲಗಿರುತ್ತಿತ್ತು. ಗುಂಪಿನವರು ಅವಳಿಗೆ ದುರ್ಬೀನಕ್ಕ ಎಂದು ಹೆಸರಿಟ್ಟಿದ್ದರು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ.

ಆರು ತಿಂಗಳ ಹಿಂದಿನ ಭಾನುವಾರ ಕೋಲು ಪಶ್ಚಿಮಕ್ಕೆ ತೋರಿಸಿತು, ತಮ್ಮ ಪಶ್ಚಿಮಕ್ಕೆ ಓಡಿದ. ಅರ್ಧ ಗಂಟೆ ತಡಕಾಡಿ ಬರಿಗೈಲಿ ಬಂದಾಗ ರಾಕೆಟ್ಟು ಅಕ್ಕನ ಬೆನ್ನ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ಅವಳು ಕೋಲು ಹಿಡಿದದ್ದು ಅಲ್ಲಿ ಸುತ್ತುತ್ತಿದ್ದ ಒಂದು ಹದ್ದಿಗೆ.

"ಗಾಳಿ ತಿರುಗಿಬಿಡ್ತು," ಎಂದಳು ಅಕ್ಕ. ಎಲ್ಲರೂ ಹೌದೆಂದರು. ತಮ್ಮ ಮಾತ್ರ ಕೋಲಿನ ಕೆಂಪು ಪಟ್ಟಿಯತ್ತ ನೋಡಿದ.

ಆಮೇಲಿಂದ ಅವನು ಗಮನಿಸತೊಡಗಿದ. ಒಂದೇ ಮನೆ, ಮುಂದಿನ ಕೋಣೆ ಅಕ್ಕನದು, ಅವಳ ಹೊಲಿಗೆ ಯಂತ್ರವೂ ಅಲ್ಲೇ. ಸೂಜಿಗೆ ದಾರ ಪೋಣಿಸಲು ಈಗ ಅವನ ಹೆಂಡತಿಯನ್ನು ಕರೆಯುತ್ತಿದ್ದಳು, ಅದೂ ಬೇರೆ ಯಾವುದೋ ಕೆಲಸದ ನೆಪ ಮಾಡಿ. ಲೋಟಕ್ಕೆ ಟೀ ಬಗ್ಗಿಸುವಾಗ ಅಂಚಿಗೆ ಬೆರಳು ಕೊಟ್ಟಿರುತ್ತಿದ್ದಳು. ಮಾತಾಡುವವರ ಮುಖ ನೋಡದೆ ಅವರ ಕಿವಿಯ ಪಕ್ಕ ನೋಡುತ್ತಿದ್ದಳು.

"ನಿಮ್ಮಕ್ಕನಿಗೆ ಕಣ್ಣು ಸರಿಯಿಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋಗಿ," ಎಂದಳು ಹೆಂಡತಿ.

"ಅವಳಾಗೇ ಹೇಳಲಿ."

"ಅವರು ಹೇಳ್ತಾರಾ? ನಿಮ್ಮ ಮನೆತನದಲ್ಲಿ ಯಾರಾದ್ರೂ ನೋವಾದ್ರೆ ನೋವು ಅಂತ ಹೇಳಿದ್ದುಂಟಾ?"

ಅವನು ಅಂಗಡಿಗೆ ಹೋದ. ಅವನ ತಲೆ ಕೊರೆಯುತ್ತಿದ್ದದ್ದು ಕಣ್ಣಿನ ವಿಷಯ ಮಾತ್ರ ಅಲ್ಲ, ಕೋಲಿನ ವಿಷಯವೂ ಹೌದು. ಇನ್ನೆರಡು ಸಲ ಹೀಗಾದರೆ ಗುಂಪಿನಲ್ಲಿ ಯಾರಾದರೊಬ್ಬರು, ಮೆತ್ತಗೇ, ಒಳ್ಳೆಯ ಮಾತಿನಲ್ಲೇ, "ಅಕ್ಕ, ನೀವು ನೆರಳಲ್ಲಿ ಕೂತ್ಕೊಳ್ಳಿ" ಎನ್ನುತ್ತಾರೆ. ಅವಳು ಕೂರುತ್ತಾಳೆ, ಮುಂದಿನ ತಿಂಗಳಿಂದ ಬರುವುದನ್ನೇ ಬಿಡುತ್ತಾಳೆ. ಮನೆ, ಹೊಲಿಗೆ ಯಂತ್ರ, ಕಿಟಕಿ, ಇಷ್ಟಕ್ಕೇ ಅವಳ ಲೋಕ ಮುಗಿಯುತ್ತದೆ.

ಹಾಗಾಗಿ ಗುಟ್ಟಾಗಿ ಒಂದು ಪೆಟ್ಟಿಗೆ ಮಾಡಬೇಕೆಂದು ನಿಶ್ಚಯಿಸಿದ. ಮೊಬೈಲ್ ಅಂಗಡಿಯವನ ಕೈ ಹಿಡಿದು, ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಮಾತು ತೆಗೆದುಕೊಂಡು, ಬೇಕಾದ ಸಾಮಾನು ತರಿಸಿದ: ಉಗುರಿನಷ್ಟಗಲದ ಜಿಪಿಎಸ್ ಚಿಪ್ಪು, ಪುಟ್ಟ ರೇಡಿಯೊ, ಬೆರಳಿನ ಗೆಣ್ಣಿನಷ್ಟು ಬ್ಯಾಟರಿ, ನೆಲಕ್ಕೆ ಬಿದ್ದ ಮೇಲೆ ಕೀಚ್ ಕೀಚ್ ಎನ್ನುವ ಒಂದು ಬಜರು, ರಾಕೆಟ್ಟು ಇರುವ ಜಾಗವನ್ನು ಅಂಕಿಯಲ್ಲಿ ತೋರಿಸಲು ಜೇಬಿನಲ್ಲಿಟ್ಟುಕೊಳ್ಳುವಷ್ಟು ಪರದೆ. ಅಂಥವು ಕೈಗೆ ಸಿಕ್ಕರೆ ಗಡಿಯಾರದವನಿಗೆ ಹಬ್ಬ. ಬೇರೆಯವರು ಹೆಬ್ಬೆಟ್ಟಿನಷ್ಟು ಮಾಡುವ ಬೆಸುಗೆಯನ್ನು ಅವನು ಎಳ್ಳಿನಷ್ಟು ಮಾಡಿದ. ಒಂದು ಹಳೆಯ ಅಲಾರಾಂ ಗಡಿಯಾರದ ಸ್ಪ್ರಿಂಗು ಬಿಚ್ಚಿ ಬ್ಯಾಟರಿ ಅಲುಗಾಡದಂತೆ ಒತ್ತುಕೊಟ್ಟ. ಎಲ್ಲ ಸೇರಿ ಬೆಂಕಿಪೊಟ್ಟಣದಷ್ಟಾಯಿತು, ರಾಕೆಟ್ಟಿನ ಮೂತಿಯೊಳಗೆ ಹೇಳಿ ಮಾಡಿಸಿದಂತೆ ಕೂತಿತು. ಅಂಥದ್ದೇ ಎರಡನೆಯದನ್ನೂ ಮಾಡಿ ಮೇಜಿನ ಖಾನೆಯಲ್ಲಿಟ್ಟ. ಒಂದು ಕೆಟ್ಟರೆ ಇರಲಿ ಎಂದು.

ಅವನ ಉಪಾಯ ಹೀಗಿತ್ತು. ಅಕ್ಕ ಎತ್ತ ತೋರಿಸಿದರೂ ತೋರಿಸಲಿ. ಅವನು ಅತ್ತ ನಾಲ್ಕು ಹೆಜ್ಜೆ ಓಡಿದಂತೆ ಮಾಡಿ, ಜೇಬಿನ ಪರದೆ ಹೇಳಿದ ಕಡೆ ಹೋಗಿ, ರಾಕೆಟ್ಟು ತಂದು, ಬಜರು ಆರಿಸಿ, "ನೀನು ತೋರಿಸಿದಲ್ಲೇ ಇತ್ತು" ಎನ್ನುವುದು. ಅದು ಸುಳ್ಳೇ, ನಿಜ. ಆದರೆ ಒಬ್ಬರ ಮಾನ ಉಳಿಸುವ ಸುಳ್ಳಿಗೆ ಪಾಪವಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಪರದೆಯ ಮೇಲೆ ಬರುತ್ತಿದ್ದದ್ದು ಬರೀ ಅಂಕಿಗಳ ಸಾಲು. ಮೊದಲು ಡಿಗ್ರಿ, ಆಮೇಲೆ ಎರಡು ಅಂಕಿ, ಒಂದು ಚುಕ್ಕಿ, ಮತ್ತೆ ನಾಲ್ಕು ಅಂಕಿ. ಉತ್ತರಕ್ಕೆ ಒಂದು ಡಿಗ್ರಿ ಹೋದರೆ ನೂರ ಹನ್ನೊಂದು ಕಿಲೋಮೀಟರ್ ಎಂದು ಹಳೆಯ ಭೂಗೋಳದ ಪುಸ್ತಕದಲ್ಲಿ ಸಿಕ್ಕಿತು. ಡಿಗ್ರಿಯ ಬಳಿಕ ಎರಡು ಅಂಕಿ ಇದೆಯೆಂದರೆ ಡಿಗ್ರಿಗೆ ನೂರು ಪಾಲು, ಪಾಲಿಗೆ ಸಾವಿರದ ನೂರ ಹತ್ತು ಮೀಟರ್. ಯಾರನ್ನೂ ಕೇಳಲಿಲ್ಲ, ಮೇಷ್ಟ್ರನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಲೆಕ್ಕದ ಪಟ್ಟಿಯನ್ನು ಒಂದು ರಟ್ಟಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದು ಜೇಬಿಗೆ ಹಾಕಿಕೊಂಡ.

ಪರೀಕ್ಷೆಯೂ ಆಯಿತು. ಪೆಟ್ಟಿಗೆಯನ್ನು ಬೀದಿಯಲ್ಲಿ ಎಲ್ಲಾದರೂ ಬಚ್ಚಿಡು ಎಂದು ಹೆಂಡತಿಗೆ ಹೇಳಿದ. ಅವಳು ಒಂದು ದಿನ ಲಾಂಡ್ರಿಯವನ ಬೆಂಚಿನ ಕೆಳಗೆ, ಇನ್ನೊಂದು ದಿನ ಬೀದಿಯ ಕೊನೆಯ ನೀರಿನ ಮೀಟರಿನ ಡಬ್ಬಿಯಲ್ಲಿ ಇಟ್ಟಳು. ಹದಿನೆಂಟು ಹೆಜ್ಜೆ ಎಂದು ಲೆಕ್ಕ ಬಂದದ್ದು ಮೂವತ್ತು ಹೆಜ್ಜೆಯಲ್ಲಿ ಸಿಕ್ಕಿತು.

"ಹತ್ತು ಹದಿನೈದು ಹೆಜ್ಜೆ ಆಚೀಚೆ ಆಗೇ ಆಗುತ್ತೆ. ಎಲ್ಲ ಜಿಪಿಎಸ್ಸೂ ಹಾಗೇ," ಎಂದ ಮೊಬೈಲ್ ಅಂಗಡಿಯವನು.

ಅಷ್ಟು ಸಾಕಾಯಿತು. ದಿಕ್ಕು ಪ್ರತಿ ಸಲವೂ ಕರಾರುವಾಕ್ಕಾಗಿತ್ತು, ಆಮೇಲೆ ಬಜರಿನ ದನಿ ದಾರಿ ತೋರುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ನಾಲ್ಕನೆಯ ಕಾಲು ಕಣ್ಣಿಗೆ ಬಿದ್ದರೂ ಎಣಿಸುವುದಿಲ್ಲ.

ನಡುವಿನ ತಿಂಗಳುಗಳಲ್ಲಿ ಗಾಳಿಯಿಲ್ಲದೆ ರಾಕೆಟ್ಟು ಎಲ್ಲರ ಕಣ್ಣೆದುರೇ ಬಿದ್ದಿತ್ತು. ಪೆಟ್ಟಿಗೆ ಮೊದಲ ಸಲ ಹಾರಿದ ಭಾನುವಾರ ಗಾಳಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತಿತ್ತು. ಹೊಸ ರಾಕೆಟ್ಟು, ಅಕ್ಕ ಹೊಲಿದ ಹೊಸ ಪ್ಯಾರಾಚೂಟು. ಮೇಷ್ಟ್ರು ಗುಂಡಿ ಒತ್ತಿದರು. ರಾಕೆಟ್ಟು ಬಟ್ಟೆ ಹರಿದಂಥ ಸದ್ದು ಮಾಡಿ ಮೇಲೆ ಹೋಯಿತು, ಎತ್ತರದಲ್ಲಿ ಪಟ್ ಎಂದಿತು. ತಮ್ಮ ಎಂದಿನಂತೆ ತಲೆ ತಗ್ಗಿಸಿ ಓಟ ಕಿತ್ತ. ಕೋಲೂ ಉತ್ತರಕ್ಕೆ, ಪರದೆಯೂ ಉತ್ತರಕ್ಕೆ. ಅವನ ಎದೆ ಹಗುರವಾಯಿತು. ಇವತ್ತು ಸುಳ್ಳು ಹೇಳುವ ಪ್ರಸಂಗವೇ ಇಲ್ಲ.

ಪ್ಯಾರಾಚೂಟು ದೂರದ ಮರಗಳ ಸಾಲಿನ ಹಿಂದೆ ಮರೆಯಾಯಿತೆಂದು ಮೇಷ್ಟ್ರು ಕೂಗಿದರು. ಪರದೆಯ ಕೊನೆಯ ಅಂಕಿಯನ್ನು ರಟ್ಟಿನ ಪಟ್ಟಿಗೆ ಹಿಡಿದು ನೋಡಿದರೆ ಆರುನೂರು ಮೀಟರ್, ಅಂದರೆ ಅವನ ಉದ್ದ ಹೆಜ್ಜೆಯಲ್ಲಿ ಆರುನೂರು. ಮರಗಳ ಸಾಲು ದಾಟಿದ ಕೂಡಲೇ. ಎಣಿಸಿಕೊಂಡು ಹೋದ. ಅಲ್ಲಿ ಒಣಹುಲ್ಲು ಬಿಟ್ಟು ಬೇರೇನೂ ಇರಲಿಲ್ಲ, ಬಜರಿನ ದನಿಯೂ ಇಲ್ಲ. ಪರದೆಗೆ ಹೊಸ ಅಂಕಿ ಬರುವುದು ನಿಂತಿತ್ತು.

ಉಳಿದವರೂ ಬಂದರು, ಹುಲ್ಲನ್ನೆಲ್ಲ ಕಾಲಲ್ಲಿ ಬಾಚಿದರು. ಒಂದು ಗಂಟೆಯಾಯಿತು, ಎರಡಾಯಿತು. ಬಿಸಿಲು ನೆತ್ತಿಗೇರಿತು. ಅಷ್ಟರಲ್ಲಿ ಅಕ್ಕ ಕೋಲೂರಿಕೊಂಡು ನಿಧಾನಕ್ಕೆ ಅಲ್ಲಿಗೆ ಬಂದಳು.

"ಇಲ್ಲಲ್ಲ ಕಣೋ," ಎಂದಳು. "ಇನ್ನೂ ಮುಂದೆ. ಆ ಒಣ ಕಾಲುವೆ ಇದೆಯಲ್ಲ, ಅಲ್ಲಿ. ಸಾವಿರ ಹೆಜ್ಜೆ ಇದೆ."

"ಅಷ್ಟು ದೂರ ಯಾವತ್ತೂ ಹೋಗಿಲ್ಲ ಅಕ್ಕ," ಎಂದರು ಮೇಷ್ಟ್ರು.

"ಇವತ್ತು ಹೋಗಿದೆ."

"ಇಲ್ಲೇ ಇರಬೇಕು. ಆರುನೂರೇ," ಎಂದ ತಮ್ಮ.

"ಆರುನೂರು ಅಂತ ಯಾರು ಹೇಳಿದ್ದು ನಿನಗೆ? ಸಾವಿರ ಅಂತ ನಾನು ಹೇಳ್ತಿದೀನಲ್ಲ."

ಅವನ ಅಂಗಿ ಬೆನ್ನಿಗಂಟಿತ್ತು, ಗಂಟಲು ಒಣಗಿತ್ತು, ನಾಲ್ಕು ತಿಂಗಳ ಕೆಲಸ ಹುಲ್ಲಿನಲ್ಲಿ ಕಳೆದುಹೋಗಿತ್ತು.

"ಅಕ್ಕ, ನಿನಗೆ ಕಣ್ಣು ಕಾಣಲ್ಲ," ಎಂದ. "ಎಷ್ಟೋ ತಿಂಗಳಿಂದ ಕಾಣಲ್ಲ. ಸುಮ್ಮನೆ ನೆರಳಲ್ಲಿ ಕೂತ್ಕೊ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾವ ಮಾತು ಯಾರ ಬಾಯಿಂದಲೂ ಬರಬಾರದೆಂದು ನಾಲ್ಕು ತಿಂಗಳು ಬೆಸುಗೆ ಹಾಕಿದ್ದನೋ ಆ ಮಾತು ಅವನ ಬಾಯಿಂದಲೇ, ಎಲ್ಲರ ಎದುರಿಗೇ ಬಂತು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಮೊಬೈಲ್ ಅಂಗಡಿಯವನು ಹುಲ್ಲು ನೋಡುತ್ತ ನಿಂತ. ಅಕ್ಕ ತಿರುಗಿ, ಕೋಲು ಊರುತ್ತ, ಎಲ್ಲರೂ ಬಂದಿದ್ದ ವ್ಯಾನಿನ ಕಡೆ ನಡೆದಳು. ಮನೆ ತಲುಪುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸಂಜೆ ಊಟಕ್ಕೆ ಕರೆದರೆ ಹಸಿವಿಲ್ಲವೆಂದಳು.

ಸೋಮವಾರ ಬೆಳಿಗ್ಗೆ ಅವನು ಅಂಗಡಿ ಬೇಗ ತೆಗೆದ. ಮನೆಯಲ್ಲಿ ಮುಖ ತೋರಿಸಲು ನಾಚಿಕೆ. ಪೆಟ್ಟಿಗೆಯೇ ಮೋಸ ಮಾಡಿತೆಂದು ಅದರ ಮೇಲೆ ಸಿಟ್ಟು. ಖಾನೆಯಲ್ಲಿದ್ದ ಎರಡನೆಯ ಪೆಟ್ಟಿಗೆ ಹೊರತೆಗೆದು, ಅಂಗಡಿಯಿಂದ ನೇರ ಉತ್ತರಕ್ಕಿರುವ ಗಡಿಯಾರ ಗೋಪುರದವರೆಗೆ ನಡೆದ. ಆ ಗೋಪುರದ ಗಡಿಯಾರಕ್ಕೆ ಇಪ್ಪತ್ತೆರಡು ವರ್ಷದಿಂದ ವಾರಕ್ಕೊಮ್ಮೆ ಕೀ ಕೊಡುವವನು ಅವನೇ. ದಾರಿ ಸಾವಿರ ಹೆಜ್ಜೆಯೆಂದು ಅವನ ಕಾಲಿಗೇ ಗೊತ್ತು. ಗೋಪುರದ ಕೆಳಗೆ ನಿಂತು, ಅಲ್ಲಿಯ ಅಂಕಿಯಿಂದ ಅಂಗಡಿಯ ಅಂಕಿ ಕಳೆದು, ರಟ್ಟಿನ ಪಟ್ಟಿ ನೋಡಿದ.

ಆರುನೂರು.

ಸಾವಿರಕ್ಕೆ ಆರುನೂರು. ನೂರಕ್ಕೆ ಅರವತ್ತು. ತಲೆಯೆತ್ತಿದ. ಮೇಲೆ ಆಳೆತ್ತರದ ದೊಡ್ಡ ಮುಳ್ಳು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಠಕ್ಕೆಂದು ಸರಿಯಿತು. ಸುತ್ತ ಅರವತ್ತು ಗೆರೆ. ಗಂಟೆಯಂತೆ ಡಿಗ್ರಿಗೂ ಇರುವುದು ನೂರು ಪಾಲಲ್ಲ, ಅರವತ್ತು ನಿಮಿಷ. ಒಂದೊಂದು ಪಾಲಿಗೂ ಸಾವಿರದ ಎಂಟುನೂರೈವತ್ತು ಮೀಟರ್. ಜೀವಮಾನವೆಲ್ಲ ಅರವತ್ತು ಗೆರೆಗಳ ಎದುರು ಕೂತು ತುತ್ತು ಉಂಡವನು ನೂರೆಂದು ಬರೆದುಕೊಂಡಿದ್ದ. ದೀಪದ ಬುಡದಲ್ಲೇ ಕತ್ತಲೆ. ಬೀದಿಯ ಮೂವತ್ತು ಹೆಜ್ಜೆಯಲ್ಲಿ ಹನ್ನೆರಡು ಹೆಜ್ಜೆ ತಪ್ಪಿದ್ದು ತಪ್ಪಿನಂತೆಯೇ ಕಂಡಿರಲಿಲ್ಲ. ಬಯಲಿನಲ್ಲಿ ಅದೇ ತಪ್ಪು ನಾನೂರು ಹೆಜ್ಜೆಯಾಗಿತ್ತು.

ಅಕ್ಕ ಹೇಳಿದ್ದು ಸಾವಿರ.

ಮನೆಗೆ ಓಡಿದ. ಮುಂದಿನ ಕೋಣೆ ಖಾಲಿ. ಮೂಲೆಯಲ್ಲಿ ಕೋಲಿಲ್ಲ.

"ಮೊದಲ ಬಸ್ಸಿಗೇ ಹೋದ್ರು," ಎಂದಳು ಹೆಂಡತಿ. "ಎಲ್ಲಿಗೆ ಅಂತ ಕೇಳಿದೆ. ಕಳೆದದ್ದು ಹುಡುಕೋಕೆ ಅಂದ್ರು. ಜೊತೆಗೆ ಬರ್ತೀನಿ ಅಂದ್ರೆ ಬೇಡ ಅಂದ್ರು."

ಅವನು ಬಯಲಿಗೆ ಹೋಗಿ, ಮರಗಳ ಸಾಲು ದಾಟಿ, ಆರುನೂರು ದಾಟಿ, ಎಂಟುನೂರು ದಾಟಿದ. ಸಾವಿರದ ಹತ್ತಿರ ಒಣ ಕಾಲುವೆಯ ದಂಡೆಯ ಮೇಲೆ ಅಕ್ಕ ಕೂತಿದ್ದಳು. ತೊಡೆಯ ಮೇಲೆ ರಾಕೆಟ್ಟು. ಪಕ್ಕದಲ್ಲಿ ಕಿತ್ತಿಟ್ಟ ಮೂತಿ. ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಸಾಯುವ ಬ್ಯಾಟರಿಯಲ್ಲಿ ಇನ್ನೂ ಕೀಚ್ ಎನ್ನುತ್ತಿತ್ತು. ಕಾಲುವೆಯ ತಳಕ್ಕೆ ಬಿದ್ದಿದ್ದರಿಂದಲೇ ರೇಡಿಯೊದ ದನಿ ಮೇಲೇರಿ ಬಂದಿರಲಿಲ್ಲ.

ಹೆಜ್ಜೆ ಸದ್ದಿಗೆ ಅವಳು ತಿರುಗಲಿಲ್ಲ.

"ಮೊದಲು ಜೀರುಂಡೆ ಅಂದ್ಕೊಂಡೆ," ಎಂದಳು. "ಜೀರುಂಡೆ ಆದ್ರೆ ಹತ್ತಿರ ಹೋದ ಕೂಡ್ಲೆ ಸುಮ್ಮನಾಗುತ್ತೆ. ಇದು ಆಗ್ಲಿಲ್ಲ. ಏನೋ ಇದು?"

ಅವನು ಅವಳ ಪಕ್ಕ ಕೂತು ಎಲ್ಲ ಹೇಳಿದ. ಹದ್ದಿನ ದಿನದಿಂದ ಹಿಡಿದು, ಬೆಸುಗೆ, ರಟ್ಟಿನ ಪಟ್ಟಿ, ಹೇಳಬೇಕೆಂದಿದ್ದ ಸುಳ್ಳು, ಎಲ್ಲ.

"ನೀನು ಹೇಗೆ ಸಾವಿರ ಅಂದೆ?" ಎಂದು ಕೊನೆಗೆ ಕೇಳಿದ.

"ಎಣಿಸಿದೆ." ಕೋಲಿನ ತುದಿಯ ಕೆಂಪು ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಪಟ್ ಅಂದಾಗಿಂದ ಮೇಷ್ಟ್ರು ಮರೆಯಾಯ್ತು ಅಂದವರೆಗೆ ಎಣಿಸಿದೆ. ಗಾಳಿ ಎಷ್ಟಿದೆ ಅಂತ ಈ ಪಟ್ಟಿ ಎಳೆಯೋದ್ರಲ್ಲೇ ಗೊತ್ತಾಗುತ್ತೆ. ಇನ್ನೊಂದು ವಿಷಯ. ಈ ಸಲ ಟೇಪಿನ ಅಂಕಿ ಕಾಣದೆ ಗೇಣಲ್ಲಿ ಅಳೆದು ಹೊಲಿದೆ. ಪ್ಯಾರಾಚೂಟು ದೊಡ್ಡದಾಗಿತ್ತು. ದೊಡ್ಡದು ನಿಧಾನಕ್ಕೆ ಇಳಿಯುತ್ತೆ, ದೂರ ಹೋಗುತ್ತೆ. ಅದನ್ನ ಎಲ್ಲರ ಮುಂದೆ ಹೇಗೆ ಹೇಳ್ಲಿ?"

"ಯಾವಾಗಿಂದ ಕಾಣ್ತಿಲ್ಲ?"

"ಪೂರ್ತಿ ಕಾಣಲ್ಲ ಅಂತಲ್ಲ. ಬದಿಯಲ್ಲಿ ಎಲ್ಲ ಕಾಣುತ್ತೆ. ನೇರ ನೋಡಿದ್ದು ಮಾತ್ರ ಅಳಿಸಿಹೋಗುತ್ತೆ. ಈಗ ನಿನ್ನ ಕಿವಿ ಕಾಣ್ತಿದೆ, ಮುಖ ಇಲ್ಲ." ರಾಕೆಟ್ಟನ್ನು ತೊಡೆಯ ಮೇಲೆ ನೇರ ಮಾಡಿಕೊಂಡಳು. "ಒಂದೂವರೆ ವರ್ಷ ಆಯ್ತು."

ಅವನಿಗೆ ಅಳು ಬಂತು, ಅತ್ತ. ಐವತ್ತಾರು ವರ್ಷದ ಗಂಡಸು ಕಾಲುವೆಯ ದಂಡೆಯ ಮೇಲೆ ಕೂತು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ.

"ನಿನ್ನೆ ನಾನು ಆಡಿದ ಮಾತು ಹೊಟ್ಟೆಗೆ ಹಾಕ್ಕೊ ಅಕ್ಕ."

"ಅಷ್ಟು ದೊಡ್ಡದು ಹೊಟ್ಟೆಗೆ ಹಾಕ್ಕೊಳ್ಳೋಕೆ ಸ್ವಲ್ಪ ದಿನ ಬೇಕು," ಎಂದಳು. ಆಮೇಲೆ, "ಡಿಗ್ರಿಗೆ ಎಷ್ಟು ಪಾಲು ಅಂತ ಬರ್ಕೊಂಡಿದ್ದೆ?"

"ನೂರು."

"ಗಡಿಯಾರದವನು ನೀನು."

"ನಾನೇ."

ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಸಿ, ಕೊನೆಗೆ ರಾಕೆಟ್ಟು ತೊಡೆಯಿಂದ ಜಾರುವಷ್ಟು. ಅವನೂ ನಕ್ಕ. ನಗು ನಿಂತ ಮೇಲೆ ಅವಳು ಪ್ಯಾರಾಚೂಟಿನ ಬಟ್ಟೆಯನ್ನು ಬೆರಳಲ್ಲಿ ಸವರುತ್ತ ಕೇಳಿದಳು.

"ಮೇಲೆ ಬಿಚ್ಚಿಕೊಂಡಾಗ ಹೇಗಿತ್ತೋ ಇದು? ಕೆಂಪು ಹಳದಿ ಒಂದರ ಪಕ್ಕ ಒಂದು ಇಟ್ಟು ಹೊಲಿದಿದ್ದೆ. ಬಿಸಿಲಿಗೆ ಚೆನ್ನಾಗಿ ಕಂಡಿತಾ?"

ಅವನು ಅವಳ ಬೆರಳ ಕೆಳಗಿನ ಬಟ್ಟೆ ನೋಡಿದ.

"ನಾನು ನೋಡ್ಲಿಲ್ಲ ಅಕ್ಕ. ಓಡ್ತಿದ್ದೆ."

"ಹೋದ ಸಲದ್ದು?"

"ಅದೂ ಇಲ್ಲ."

ಇಪ್ಪತ್ತು ವರ್ಷದಲ್ಲಿ ಒಂದನ್ನೂ ನೋಡಿರಲಿಲ್ಲ. ಮೇಲೆ ನೋಡುವುದು ಅವಳ ಪಾಲಿಗೆ, ಕೆಳಗೆ ನೋಡುವುದು ಅವನ ಪಾಲಿಗೆ ಬಂದಿತ್ತು. ಅವಳು ಅವನ ಕೈ ಹಿಡಿದು ಎದ್ದಳು, ಇಬ್ಬರೂ ಬಸ್ಸಿಗೆ ನಡೆದರು.

ಆ ವಾರ ಕಣ್ಣಿನ ಡಾಕ್ಟರರ ಬಳಿ ಹೋದರು. ನಡುವಿನದು ಮರಳಿ ಬರುವುದಿಲ್ಲ, ಬದಿಯದನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಗಡಿಯಾರದವನು ರಟ್ಟಿನ ಪಟ್ಟಿಯನ್ನು ಅರವತ್ತರ ಲೆಕ್ಕದಲ್ಲಿ ಹೊಸದಾಗಿ ಬರೆದ, ಈ ಸಲ ಮೇಷ್ಟ್ರಿಗೆ ತೋರಿಸಿದ. ಮೇಷ್ಟ್ರು ಹಳೆಯ ಪಟ್ಟಿಯನ್ನೂ ನೋಡಿ ಇಡೀ ಗುಂಪಿಗೆ ಹೇಳಿಕೊಂಡು ನಕ್ಕರು. ನಕ್ಕರೆ ನಗಲಿ ಎಂದು ಅವನು ನಿಂತುಕೊಂಡ. ನಾಲ್ಕು ಜನರ ಮುಂದೆ ಮಾಡಿದ ತಪ್ಪಿಗೆ ನಾಲ್ಕು ಜನರ ಮುಂದೆಯೇ ತಲೆ ತಗ್ಗಿಸುವುದು ನ್ಯಾಯ.

ಮುಂದಿನ ತಿಂಗಳ ಭಾನುವಾರ ಅಕ್ಕ ತನ್ನ ಜಾಗದಲ್ಲೇ ಕೋಲು ಹಿಡಿದು ನಿಂತಳು. ಪರದೆಯನ್ನೂ ರಟ್ಟನ್ನೂ ಮೊಬೈಲ್ ಅಂಗಡಿಯವನ ಕೈಗೆ ಕೊಟ್ಟ ಗಡಿಯಾರದವನು, "ಇವತ್ತು ನೀನು ಓಡು," ಎಂದು ಅಕ್ಕನ ಪಕ್ಕ ಹೋಗಿ ನಿಂತ. ಗುಂಡಿ ಒತ್ತಿದರು. ರಾಕೆಟ್ಟು ಹೋಯಿತು. ಪಟ್ ಎಂದಿತು. ಅಕ್ಕನ ತುಟಿ ಅಲುಗತೊಡಗಿತು: ಒಂದು, ಎರಡು, ಮೂರು.

ಅವನು ತಲೆಯೆತ್ತಿ ನೋಡಿದ. ಕಾಲು ಅಭ್ಯಾಸಬಲದಿಂದ ಮುಂದಕ್ಕೆ ಹೋಗಿತ್ತು, ಹಿಂದೆ ತೆಗೆದುಕೊಂಡ.

"ಬಿಚ್ಕೊಂಡಿತು," ಎಂದ. "ಮೊದಲು ಹಿಂಡಿದ ಬಟ್ಟೆ ಹಾಗಿತ್ತು. ಈಗ ಉಬ್ಬಿತು. ಕೆಂಪು ಹಳದಿ ಬೇರೆ ಬೇರೆ ಕಾಣ್ತಿದೆ ಅಕ್ಕ. ಬಿಸಿಲು ಒಳಗಿಂದ ಬರ್ತಿದೆ, ನಿನ್ನ ಪರೀಕ್ಷೆಯ ಮೇಜಿನ ಮೇಲೆ ದೀಪಕ್ಕೆ ಹಿಡಿದ ಹಾಗೆ."

"ತೂತೇನಾದ್ರೂ ಇದೆಯಾ ನೋಡು."

"ಒಂದೂ ಇಲ್ಲ. ನಿಧಾನಕ್ಕೆ ತಿರುಗ್ತಾ ಇದೆ. ಹಳದಿ ಈ ಕಡೆ ಬಂತು. ಈಗ ಕೆಂಪು."

ಅಕ್ಕ ಮುಖವೆತ್ತಿ ಅದರ ಪಕ್ಕಕ್ಕೆಲ್ಲೋ ನೋಡುತ್ತಿದ್ದಳು. ಅವಳ ತುಟಿ ನಿಂತಿತ್ತು.

"ಎಷ್ಟಾಯ್ತು ಅಕ್ಕ ಎಣಿಕೆ?"

"ತಪ್ಪಿಹೋಯ್ತು," ಎಂದಳು. "ಇರಲಿ ಬಿಡು, ಪೆಟ್ಟಿಗೆ ಎಣಿಸುತ್ತೆ. ನೀನು ಹೇಳ್ತಾ ಹೋಗು."